ನಲವತ್ತರೊಳಗಿನ ಲಕ್ವ ಮತ್ತು ಅಳೆಯದೆ ಉಳಿದ ಬಿ.ಪಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಬರುವ ಯುವಕರ ಸಂಖ್ಯೆ ಒಮ್ಮೆಲೇ ಏರಿತು. ಆ ಆತಂಕ ಸಹಜವೇ. ಆದರೆ ಹೃದಯದ ರಕ್ತನಾಳಗಳನ್ನು ಕೆಡಿಸುವ ಕಾರಣಗಳಲ್ಲಿ ಬಹುಪಾಲು ಮೆದುಳಿನ ರಕ್ತನಾಳಗಳನ್ನೂ ಕೆಡಿಸುತ್ತವೆ ಎಂಬುದಾಗಲಿ, ಒಂದು ಸಲದ ಇ.ಸಿ.ಜಿ.ಯಲ್ಲಿ ಆ ಕಾರಣಗಳು ಹೆಚ್ಚಾಗಿ ಕಾಣಿಸುವುದೇ ಇಲ್ಲ ಎಂಬುದಾಗಲಿ ಅಷ್ಟಾಗಿ ಮಾತಿಗೆ ಬರಲಿಲ್ಲ. ಲಕ್ವ ಹೊಡೆಯುವುದು ವಯಸ್ಸಾದವರಿಗೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ನಮ್ಮ ಬಂಧುಗಳಲ್ಲೊಬ್ಬರಿಗೆ ನಲವತ್ತು ತುಂಬುವ ಮೊದಲೇ ಬಲಗೈ ಮತ್ತು ಬಲಗಾಲಿನ ಸ್ವಾಧೀನ ತಪ್ಪಿದಾಗ ಮನೆಯವರು ಕೆಲಸದ ಟೆನ್ಷನ್ನನ್ನು ದೂರಿದರು, ಜಿಮ್ಮನ್ನು ದೂರಿದರು, ದೃಷ್ಟಿಯನ್ನೂ ತೆಗೆಸಿದರು. ಇದಕ್ಕೂ ಮೊದಲು ಬಿ.ಪಿ. ಎಷ್ಟಿತ್ತು ಎಂದು ವೈದ್ಯರು ಕೇಳಿದಾಗ ಮಾತ್ರ ಯಾರಲ್ಲೂ ಉತ್ತರವಿರಲಿಲ್ಲ.

ಎಳೆ ವಯಸ್ಸಿನ ಪಾರ್ಶ್ವವಾಯುವಿಗೆ ಏನಾದರೊಂದು ಅಪರೂಪದ ಕಾರಣವೇ ಇರಬೇಕೆಂದು ನಾವು ಊಹಿಸುತ್ತೇವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1994ರಿಂದ 2007ರವರೆಗೆ ದಾಖಲಾದ, 15ರಿಂದ 49 ವರ್ಷದೊಳಗಿನ 1,008 ರೋಗಿಗಳ ವಿವರಗಳು ಈ ಊಹೆಯನ್ನು ಬಹುಮಟ್ಟಿಗೆ ಸುಳ್ಳಾಗಿಸುತ್ತವೆ. ಮೆದುಳಿಗೆ ರಕ್ತ ಹರಿಯುವುದು ನಿಂತು ಮೊದಲ ಬಾರಿಗೆ ಪಾರ್ಶ್ವವಾಯುವಿಗೆ ತುತ್ತಾದ ಇವರಲ್ಲಿ ಸುಮಾರು ಶೇ. 60ರಷ್ಟು ಮಂದಿಗೆ ರಕ್ತದ ಕೊಬ್ಬಿನ ಏರುಪೇರಿತ್ತು, ಶೇ. 44ರಷ್ಟು ಮಂದಿ ಧೂಮಪಾನಿಗಳಾಗಿದ್ದರು, ಶೇ. 39ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿತ್ತು. ಎಲ್ಲವೂ ನಾವು ದಿನನಿತ್ಯ ಕೇಳುವ ಸಂಗತಿಗಳೇ. ಭಾರತವೂ ಸೇರಿದಂತೆ 32 ದೇಶಗಳಲ್ಲಿ ನಡೆದ ‘ಇಂಟರ್‌ಸ್ಟ್ರೋಕ್’ ಅಧ್ಯಯನವು, ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ, ಪಾರ್ಶ್ವವಾಯುವಿನ ಹೊರೆಯಲ್ಲಿ ಸುಮಾರು ಶೇ. 90ರಷ್ಟು ಹತ್ತೇ ಅಂಶಗಳಿಂದ ಬರುತ್ತದೆಂದೂ, ರಕ್ತದೊತ್ತಡವೊಂದರ ಪಾಲೇ ಅರ್ಧದ ಆಸುಪಾಸಿನಲ್ಲಿದೆಯೆಂದೂ 2016ರಲ್ಲಿ ವರದಿ ಮಾಡಿತು.

ರಕ್ತದೊತ್ತಡ ಏರಿದ್ದರೂ ಹೆಚ್ಚಿನವರಿಗೆ ಅದರ ಸುಳಿವು ಸಿಗುವುದಿಲ್ಲ. ತಲೆನೋವು, ತಲೆಸುತ್ತು ಇದ್ದರಷ್ಟೇ ಬಿ.ಪಿ. ಎಂಬ ತಿಳಿವಳಿಕೆ ಸರಿಯಲ್ಲ. ವರ್ಷಗಟ್ಟಲೆ ಹೆಚ್ಚಿನ ಒತ್ತಡವನ್ನು ತಾಳಿಕೊಂಡು ಮೆದುಳಿನ ಆಳದ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ, ಪೆಡಸಾಗಿ, ಕೊನೆಗೊಂದು ದಿನ ಮುಚ್ಚಿಕೊಳ್ಳುತ್ತದೆ ಇಲ್ಲವೇ ಒಡೆಯುತ್ತದೆ. ಒಡೆದು ರಕ್ತಸ್ರಾವವಾಗುವ ಬಗೆಯಂತೂ ಇನ್ನಷ್ಟು ಮಾರಕ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ‘ಕಾರ್ಡಿಯಾ’ ಅಧ್ಯಯನದಲ್ಲಿ 18ರಿಂದ 30 ವಯಸ್ಸಿನ 5,115 ಮಂದಿಯನ್ನು ದಶಕಗಳ ಕಾಲ ಗಮನಿಸಲಾಗಿದ್ದು, ನಲವತ್ತಕ್ಕೆ ಮೊದಲೇ ರಕ್ತದೊತ್ತಡ 130/80ನ್ನು ದಾಟಿದವರಲ್ಲಿ ಮುಂದೆ ಹೃದ್ರೋಗ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದವು. ‘ಸ್ವಲ್ಪವೇ ಹೆಚ್ಚಿದೆ, ಈ ವಯಸ್ಸಿಗೆ ಏನೂ ಆಗುವುದಿಲ್ಲ’ ಎಂಬ ಸಮಾಧಾನದ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ದಿನಕ್ಕೆ ನಾಲ್ಕೈದೇ ಸಿಗರೇಟು ಎನ್ನುವವರ ಲೆಕ್ಕವೂ ಹೀಗೆಯೇ. ಅಮೆರಿಕದ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಪ್ರದೇಶದ 15ರಿಂದ 49 ವಯಸ್ಸಿನ ಪುರುಷರನ್ನು ಕುರಿತ ಅಧ್ಯಯನದಲ್ಲಿ, ಎಂದೂ ಸೇದದವರಿಗೆ ಹೋಲಿಸಿದರೆ, ದಿನಕ್ಕೆ ಹನ್ನೊಂದಕ್ಕಿಂತ ಕಡಿಮೆ ಸೇದುವವರಲ್ಲಿಯೂ ಪಾರ್ಶ್ವವಾಯುವಿನ ಸಂಭವ ಶೇ. 46ರಷ್ಟು ಹೆಚ್ಚಿತ್ತು, ಎರಡು ಪ್ಯಾಕ್ ಮುಗಿಸುವವರಲ್ಲಿ ಅದು ಐದು ಪಟ್ಟನ್ನು ಮೀರಿತ್ತು. ಮಹಿಳೆಯರ ವಿಷಯದಲ್ಲಿ ಮೈಗ್ರೇನನ್ನು ಬೇರೆಯಾಗಿ ಹೇಳಬೇಕು. ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆಗಳು ಕಾಣಿಸುವ ಬಗೆಯ ಮೈಗ್ರೇನ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಅದರ ಜೊತೆಗೆ ಧೂಮಪಾನವೂ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಆ ಮಾತ್ರೆ ಕೊಳ್ಳುವವರಿಗೆ ಇಂಥ ಮೈಗ್ರೇನ್ ಇದೆಯೇ, ಸಿಗರೇಟು ಸೇದುತ್ತೀರಾ ಎಂದು ಕೇಳುವವರೇ ಇರುವುದಿಲ್ಲ.

ಇನ್ನೊಂದು ಕಾರಣ ಶ್ರೀಮಂತ ದೇಶಗಳ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಮರೆಯಾಗಿದೆ, ನಮ್ಮಲ್ಲಿ ಆಗಿಲ್ಲ. ಬಾಲ್ಯದಲ್ಲಿ ಗಂಟಲಿನ ಸೋಂಕಿನ ಹಿಂದೆಯೇ ಬರುವ, ಕೀಲುಗಳು ಊದಿಕೊಳ್ಳುವ ರುಮ್ಯಾಟಿಕ್ ಜ್ವರವು ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಕಿರಿದಾಗಿಸಿಬಿಡುತ್ತದೆ. ಕವಾಟ ಕಿರಿದಾದರೆ ಎಡ ಮೇಲ್ಗೋಣೆ ಹಿಗ್ಗಿ, ಬಡಿತ ಲಯ ತಪ್ಪಿ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹಾರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಈ ಕವಾಟದ ದೋಷ ಗೊತ್ತಾಗುವುದು ಗರ್ಭಿಣಿಯಾಗಿ ಏದುಸಿರು ಬಂದಾಗಲೇ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಜ್ವರ ಮರುಕಳಿಸದಂತೆ ತಡೆಯುತ್ತದೆ. ಲಯ ತಪ್ಪಿದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬೇಕು. ಪದೇಪದೇ ರಕ್ತಪರೀಕ್ಷೆ ಬೇಡುವ ವಾರ್ಫರಿನ್ ಗುಂಪಿನ ಹಳೆಯ ಔಷಧಿಗಳೇ ಇವರಿಗೆ ಹೊಸದಾದ ರಿವಾರಾಕ್ಸಬಾನ್‌ಗಿಂತ ಮೇಲು ಎಂದು 2022ರ ‘ಇನ್ವಿಕ್ಟಸ್’ ಪ್ರಯೋಗ ತೋರಿಸಿತು.

ಬಾಣಂತಿಯರಲ್ಲಿ ಮೆದುಳಿಗೆ ರಕ್ತ ತರುವ ಅಪಧಮನಿಗಳ ಬದಲು ಅಲ್ಲಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ತಾನಾಗಿಯೇ ಹೆಚ್ಚಿರುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಮೈ ಊದುತ್ತದೆ ಎಂದು ನೀರನ್ನು ಹಿಡಿದು ಕೊಡುವ ಮನೆಗಳಲ್ಲಿ ನಿರ್ಜಲೀಕರಣವೂ ಅದಕ್ಕೆ ಸೇರಿಕೊಳ್ಳುತ್ತದೆ. ಹಿರಿಯರ ಬಾಣಂತನದ ಪದ್ಧತಿಗಳಲ್ಲಿ ನನಗೆ ಗೌರವವಿರುವುದು ಬಹಳ, ಇದೊಂದನ್ನು ಬಿಟ್ಟು. ಬಾಣಂತಿಗೆ ಬಿಡದ ತಲೆನೋವು ಅಥವಾ ಫಿಟ್ಸ್ ಬಂದರೆ ದೆವ್ವ ಸೋಕಿದೆ, ಗಾಳಿ ಹಿಡಿದಿದೆ ಎಂದು ಕಾಯಬಾರದು.

ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯಲ್ಲಿ ಹೃದಯದ ಮೇಲ್ಗೋಣೆಗಳ ನಡುವೆ ಸಣ್ಣ ರಂಧ್ರ ಕಂಡಿತೆಂದು ಗಾಬರಿಯಾದವರನ್ನೂ ನೋಡಿದ್ದೇನೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಈ ಕಿಂಡಿ ನಾಲ್ವರಲ್ಲಿ ಒಬ್ಬರಿಗೆ ತೆರೆದೇ ಇರುತ್ತದೆ. ಆದ್ದರಿಂದ ಅದು ಕಂಡ ಮಾತ್ರಕ್ಕೆ ಪಾರ್ಶ್ವವಾಯುವಿಗೆ ಅದೇ ಕಾರಣವಾಗುವುದಿಲ್ಲ; ಬೇರೆ ಕಾರಣ ಸಿಗದ, ಆಯ್ದ ರೋಗಿಗಳಲ್ಲಿ ಮುಚ್ಚಿದರೆ ಅನುಕೂಲವೆಂದು 2017ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸಿವೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ತೋಳಿಗೆ ಕಟ್ಟುವ ಯಂತ್ರದಿಂದ ಮನೆಯಲ್ಲೇ ಇದನ್ನು ನೋಡಿಕೊಳ್ಳಬಹುದು: ಕಾಫಿ ಕುಡಿದ ತಕ್ಷಣ ಬೇಡ, ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಿ, ಎರಡು ಸಲ ಅಳೆಯಬೇಕು. ಮೂವತ್ತರ ಆಸುಪಾಸಿನಲ್ಲೇ ಒತ್ತಡ ತೀರ ಹೆಚ್ಚಿದ್ದರೆ ಮಾತ್ರೆ ಬರೆಸಿಕೊಂಡು ಬಂದರೆ ಸಾಲದು. ಮೂತ್ರಪಿಂಡದ ಕಾಯಿಲೆ, ಅದಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರುವುದು, ಮಹಾಪಧಮನಿಯ ಹುಟ್ಟುದೋಷ ಅಥವಾ ಯುವತಿಯರಲ್ಲಿ ಹೆಚ್ಚಾಗಿ ಕಾಣುವ ತಕಯಾಸು ಎಂಬ ರಕ್ತನಾಳಗಳ ಉರಿಯೂತ ಅದರ ಹಿಂದಿರಬಹುದಾದ್ದರಿಂದ, ಎರಡೂ ತೋಳುಗಳಲ್ಲಿ ಬಿ.ಪಿ. ನೋಡಿ, ಕಾಲಿನ ನಾಡಿಯನ್ನೂ ಮುಟ್ಟಿ, ಮೂತ್ರಪರೀಕ್ಷೆಯನ್ನೂ ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ಬರೆದುಕೊಡುವಂತೆ ವೈದ್ಯರನ್ನು ನಾವೇ ಕೇಳಬಹುದು.