ಹಳದಿ ಪೇಜಿನ ಕಾಟ

ನಿನ್ನಿ ರಾತ್ರಿ ವೆಬ್‌ಸೈಟ್ ಕಟ್ಟೋ ಜ್ಯಾಂಗೋದಾಗ 404 ಪೇಜ್ (ಕೇಳಿದ ಪುಟ ಸಿಗದಿದ್ದಾಗ ಬರೋದು) ಮಾಡ್ಕೊತ ಕುಂತಿದ್ದೆ, ಕರೆಂಟ್ ಬ್ಯಾರೆ ಹೋಗಿ ಬರ್ತಿತ್ತು, ಟೆಂಪ್ಲೇಟ್ಸ್ ಫೋಲ್ಡರ್‌ನಾಗ ಫೈಲ್ ಇಟ್ಟೀನಿ, ಎಷ್ಟ್ ರಿಫ್ರೆಶ್ ಹೊಡದ್ರೂ ಜ್ಯಾಂಗೋದ್ದೇ ಹಳದಿ ಎರರ್ ಪೇಜ್, ಕಡೀಕ್ ನೋಡ್ತೀನಿ ತಪ್ಪು ಹುಡುಕಾಕ ಇರೋ ಡೀಬಗ್ ಸೆಟ್ಟಿಂಗ್ ಟ್ರೂ ಅಂತೇ ಉಳದದ! ಫಾಲ್ಸ್ ಮಾಡಿದ್ ಮ್ಯಾಲ ನನ್ನ ಪೇಜ್ ಬಂತು ನೋಡ್ರಿ. ಸರ್ವರ್ ಒಳಗ ತಪ್ಪಾದಾಗ ಬರೋ 500 ಪೇಜಿಗೆ ಮಾತ್ರ ಸಾದಾ ಎಚ್‌ಟಿಎಂಎಲ್ ಇಟ್ಟೀನಿ, ಡೇಟಾಬೇಸೇ ಬಿದ್ದಾಗ ಆ ಪೇಜೂ ಅದನ್ನೇ ಕೇಳ್ಕೊತ ನಿಂತ್ರ ಹ್ಯಾಂಗ.

404 ಪೇಜಿನಾಗ ಮೊದಲ "ಪುಟ ಕಂಡುಬಂದಿಲ್ಲ" ಅಂತ ಬರದಿದ್ದೆ, ಯಾಕೋ ನೋಟೀಸ್ ಕೊಟ್ಟಂಗ ಅನಿಸ್ತು. ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾದಾಗ ದಾರಿ ಕೇಳಿದ್ರ, ಗೊತ್ತಿಲ್ಲದವ್ರೂ ಸುಮ್ನ ಕಳಸಂಗಿಲ್ಲಲ್ಲ, "ಹಿಂಗ್ ಸೀದಾ ಹೋಗ್ರಿ, ಮುಂದ ಮತ್ತ ಯಾರಿಗರೆ ಕೇಳ್ರಿ" ಅಂತಾರ. ಅದನ್ನೇ ಬರದು ಕೆಳಗ ಹೋಮ್ ಪೇಜಿನ ಲಿಂಕ್ ಕೊಟ್ಟೀನಿ.