ಶೂ ತಿರುಗಿಸಿ ನೋಡಿ
ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ, ಬರೀ ಅಂಟಿನ ಮೇಲೆ ನಿಂತ ಸೋಲ್ ಎಷ್ಟು ದಿನ ಬಾಳೀತು? ಅದಕ್ಕೇ ಇವತ್ತು ಬೆಂಗಳೂರು ರಸ್ತೆಯಲ್ಲಿ ತಮ್ಮನ ಮದುವೆಗೆ ಶೂ ನೋಡುವಾಗ ಮೊದಲು ತಿರುಗಿಸಿ ಅಂಚು ನೋಡಿದೆ. ಸೋಲ್ ಸುತ್ತ ಚೆಂದದ ಹೊಲಿಗೆ. ಉಗುರಲ್ಲಿ ಕೆರೆದರೆ ದಾರವೇ ಇಲ್ಲ, ರಬ್ಬರಿನಲ್ಲೇ ಅಚ್ಚು ಹಾಕಿದ ಗೆರೆ! "ಈಗ ಎಲ್ಲಾ ಹಂಗೇ ಬರ್ತಾವ್ರೀ ಸರ್" ಅಂದರು ಅಂಗಡಿಯವರು.

ಇನ್ನೊಂದು ಜೋಡಿಯ ಮುಂಭಾಗ ಬೆರಳಲ್ಲಿ ಒತ್ತಿದೆ. ಒಳ್ಳೆ ಚರ್ಮವಾದರೆ ಸಣ್ಣ ಸಣ್ಣ ಸುಕ್ಕು ಎದ್ದು, ಬಿಟ್ಟರೆ ಸರಿಹೋಗುತ್ತದೆ. ಮೇಲೆ ದಪ್ಪಗೆ ಪ್ಲಾಸ್ಟಿಕ್ ಲೇಪ ಇದ್ದರೆ ದೊಡ್ಡ ಮಡಿಕೆ ಬೀಳುತ್ತದೆ, ಆಮೇಲೆ ಅಲ್ಲೇ ಸಿಪ್ಪೆ ಏಳುತ್ತದೆ. ಹಿಮ್ಮಡಿ ಹಿಂಭಾಗ ಗಟ್ಟಿ ಇರಬೇಕು. ಒಳಗಿನ ಲೈನಿಂಗ್ ಚರ್ಮದ್ದಾದರೆ ಬೆವರಿಗೆ ಒಳ್ಳೆಯದು.

ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಸೋಲ್ ಹಗುರ, ನಿಜ. ಆದರೆ ಸುಮ್ನೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಗಾಳಿಯ ತೇವಕ್ಕೇ ಪುಡಿಪುಡಿ ಆಗಬಹುದು. ಮದುವೆಗೊಮ್ಮೆ ಹಾಕಿ ಎತ್ತಿಡುವ ನಮ್ಮಂಥವರಿಗೆ ಇದು ಗೊತ್ತಿರಬೇಕಲ್ವಾ? ಮೇಲ್ಭಾಗಕ್ಕೂ ಸೋಲ್‌ಗೂ ನಡುವೆ ಅಂಚಿನ ಸುತ್ತ ವೆಲ್ಟ್ ಅನ್ನೋ ಪಟ್ಟಿ ಇಟ್ಟು ಹೊಲಿದ ಶೂ ಆದರೆ, ಸೋಲ್ ಸವೆದಾಗ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ರೇಟು ಜಾಸ್ತಿ. ತಮ್ಮನ ಜೊತೆ ಚೌಕಾಸಿ ಇನ್ನೂ ನಡೆದಿದೆ, ಅಂಗಡಿಯವರ ಜೊತೆಗಲ್ಲ.