ಗುಂಡಿಗೆ ಹೋದ ನೀರು ಆಮೇಲೆ ಎಲ್ಲಿಗೆ?

ಮನೆ ಸುತ್ತ ನಿಲ್ಲುವ ಮಳೆನೀರಿಗೆ ದಾರಿ ಮಾಡಿಕೊಡುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಮಾಡಿದ ಒಂದು ಎಡವಟ್ಟು ಇವತ್ತಿಗೂ ಮರೆತಿಲ್ಲ.

ಆ ಮನೆಯ ಹಿಂದಿನ ಗೋಡೆ ಪಕ್ಕ ಪ್ರತಿ ಮಳೆಗೂ ನೀರು ನಿಲ್ಲುತ್ತಿತ್ತು. ನಾನು ಹೋಗಿ ನೋಡಿ, ಗೋಡೆಯುದ್ದಕ್ಕೂ ಕಾಲುವೆ ತೋಡಿಸಿದೆ. ಮಣ್ಣು ಸೇರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪೈಪ್ ಇಟ್ಟು, ಜಲ್ಲಿ ತುಂಬಿಸಿದೆ. ಚಾವಣಿಯಿಂದ ಇಳಿಯುವ ಎರಡು ಪೈಪುಗಳನ್ನೂ ಅದಕ್ಕೇ ಸೇರಿಸಿದೆ. ಕಾಲುವೆಯ ತುದಿಗೆ, ಹಿತ್ತಲ ಮೂಲೆಯಲ್ಲಿ, ಉದ್ದ ಅಗಲ ಆಳ ಎಲ್ಲ 1 ಮೀಟರ್ ಇರುವ ಇಂಗುಗುಂಡಿ. ಅದಕ್ಕೂ ಜಲ್ಲಿ.

ಜಲ್ಲಿ ಸುರಿಯುವಾಗ ಮೇಸ್ತ್ರಿ ಕೇಳಿದರು, "ಸಾರ್, ಈ ನೀರು ಎಲ್ಲಿಗೆ ಹೋಗುತ್ತೆ?"

"ಗುಂಡಿಗೆ."

"ಗುಂಡಿಯಿಂದ?"

"ಇಂಗುತ್ತೆ, ಇನ್ನೆಲ್ಲಿಗೆ ಹೋಗುತ್ತೆ?"

ಅವರು ಹಾರೆಗೆ ಅಂಟಿದ್ದ ಜೇಡಿಮಣ್ಣನ್ನು ಹೆಬ್ಬೆರಳಲ್ಲಿ ಕೆರೆದು, ಉಂಡೆ ಕಟ್ಟಿ, ಗುಂಡಿಯ ಅಂಚಿಗೆ ಇಟ್ಟರು. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ಎರಡು ಮಳೆಗೆ ಹಿತ್ತಲು ಒಣಗಿಯೇ ಇತ್ತು. ಮೂರು ದಿನ ಬಿಡದೆ ಹೊಡೆದಾಗ ಮನೆಯವರ ಫೋನ್ ಬಂತು. ಹೋಗಿ ನೋಡಿದರೆ ಒಳಗಿನ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆ. ಹೊರಗೆ ಮಾತ್ರ ಎಲ್ಲೂ ನೀರು ನಿಂತಿಲ್ಲ. ಕಾಲುವೆಯ ಜಲ್ಲಿ ಸರಿಸಿ ಕೈ ಹಾಕಿದೆ. ಮುಂಗೈ ಮುಳುಗಿತು. ಮುಂಚೆ ನೆಲದ ಮೇಲೆ ನಿಲ್ಲುತ್ತಿದ್ದ ನೀರನ್ನು ನಾನು ಖರ್ಚು ಮಾಡಿಸಿ ಪಾಯದ ಪಕ್ಕಕ್ಕೆ ಇಳಿಸಿಟ್ಟಿದ್ದೆ!

ಲೆಕ್ಕ ಹಾಕಿದ್ದು ಆಮೇಲೆ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಆ ಚಾವಣಿ ಸುಮಾರು 100 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ ಹೆಚ್ಚುಕಡಿಮೆ 2,500 ಲೀಟರ್ ಆಯಿತು. ನನ್ನ ಗುಂಡಿ 1,000 ಲೀಟರ್ ಹಿಡಿಯುತ್ತೆ ಅಂತ ಬೇರೆ ಅಂದುಕೊಂಡಿದ್ದೆ. ಜಲ್ಲಿ ತುಂಬಿದ ಮೇಲೆ ನೀರಿಗೆ ಸಿಗುವುದು ಕಲ್ಲಿನ ಸಂದಿ ಮಾತ್ರ ಅಲ್ವಾ? ಅದು ಶೇ. 40ರ ಆಸುಪಾಸು. ಅಂದರೆ 400 ಲೀಟರ್. ಅದಾದರೂ ಮುಂದಿನ ಮಳೆಯೊಳಗೆ ಖಾಲಿಯಾಗಬೇಕು. ಮಳೆ ನಿಂತು ಕೆಲವು ದಿನ ಆದ ಮೇಲೆ ಪಕ್ಕದಲ್ಲಿ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿದೆ. ಮಾರನೇ ಬೆಳಿಗ್ಗೆ ನೋಡಿದರೆ ಎರಡು ಬೆರಳಷ್ಟು ಇಳಿದಿತ್ತು. ಉಂಡೆ ಕಟ್ಟುವಂಥ ಜೇಡಿಮಣ್ಣಲ್ಲಿ ನೀರು ಬೇಗ ಇಂಗುವುದಿಲ್ಲ. ಮೇಸ್ತ್ರಿ ತೋರಿಸಿದ್ದು ಇದನ್ನೇ.

ಸರಿಪಡಿಸಿದ್ದು ದೊಡ್ಡ ಕೆಲಸವೇನಲ್ಲ. ಚಾವಣಿಯ ಪೈಪುಗಳನ್ನು ಕಾಲುವೆಯಿಂದ ಬಿಡಿಸಿದೆವು. ತೂತಿಲ್ಲದ ಪೈಪಿನಲ್ಲಿ ಆ ನೀರನ್ನು ಮನೆಯ ಪಕ್ಕದಿಂದ ಮುಂದಿನ ಚರಂಡಿಗೆ ಕೊಟ್ಟೆವು. ಗೋಡೆ ಬುಡದ ಮಣ್ಣು ಏರಿಸಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಮೊದಲ 10 ಅಡಿಗೆ 6 ಇಂಚು ವಾಟ ಕೊಟ್ಟೆವು. ಅಲ್ಲೊಂದು ಹೂವಿನ ಪಾತಿ ಇತ್ತು, ಅಂಚಿಗೆ ಸಾಲಾಗಿ ಇಟ್ಟಿಗೆ. ಚಂದ ಇತ್ತು, ಆದರೆ ಗೋಡೆಗೆ ಅಂಟಿಸಿ ಕಟ್ಟಿದ ಸಣ್ಣ ಕೆರೆ ಅದು. ಅದನ್ನು ತೆಗೆಸುವುದಕ್ಕೇ ಎಲ್ಲಕ್ಕಿಂತ ಜಾಸ್ತಿ ಮಾತಾಡಬೇಕಾಯಿತು.

ಈಗ ನಾನು ಪೈಪಿನ ಮಾತು ಎತ್ತುವ ಮುಂಚೆ ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಅಂತ ಜಾಗ ಹುಡುಕುತ್ತೇನೆ. ಪಕ್ಕದ ಮನೆ ಕಾಂಪೌಂಡಿಗೆ ತಳ್ಳುವುದು ಲೆಕ್ಕಕ್ಕಿಲ್ಲ. ಹಾಗೆ ಕೇಳುವವರು ಇದ್ದಾರೆ ಮಾತ್ರ! ಮರಳು ಮಣ್ಣಾದರೆ ಇಂಗುಗುಂಡಿ ಸಾಕು, ಅದೂ ಪಾಯದಿಂದ ದೂರ. ಜೇಡಿಯಾದರೆ ಹೊರದಾರಿ ಬೇಕೇ ಬೇಕು. ಪರೀಕ್ಷೆ ಗುಂಡಿ ತೋಡದೆ ಯಾವುದನ್ನೂ ಒಪ್ಪುವುದಿಲ್ಲ. ಹಸಿರು ಹುಲ್ಲಿನ ಮಧ್ಯೆ ಗುಂಡಿ ತೋಡಿ ಬಕೆಟ್ ಬಕೆಟ್ ನೀರು ಸುರಿದರೆ ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಕಾಲುವೆಯನ್ನೂ ಈಗ ನೀರು ಹೊರಬೀಳುವ ತುದಿಯಿಂದಲೇ ತೋಡಿಸುತ್ತೇನೆ, ತಗ್ಗಿನಿಂದ ಮೇಲಕ್ಕೆ. ಕೆಲಸದ ಮಧ್ಯೆ ಮಳೆ ಬಂದರೂ ಸುಮ್ನೆ ಬದಿಗೆ ನಿಂತರೆ ಆಯಿತು, ನೀರು ತಾನಾಗಿ ಹರಿದು ಹೋಗುತ್ತದೆ.